ಮೂವತ್ತು ದಾಟಿದ ಮೇಲೆ ನರ್ಸಿಂಗ್ ಓದಬಹುದೇ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾದಿಂದ ಬರಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದ ಬರಲಿ, ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಪಿಯುಸಿ ಮುಗಿದು ಹನ್ನೆರಡು ವರ್ಷ ಆಯ್ತು. ಮಕ್ಕಳು ಶಾಲೆಗೆ ಹೋಗ್ತಾ ಇದ್ದಾರೆ. ಈಗ ನರ್ಸಿಂಗ್ ಸೇರಬಹುದಾ? ಸೇರಿದರೂ ತಲೆಗೆ ಹತ್ತುತ್ತದಾ?"

ಖಂಡಿತ ಹತ್ತುತ್ತದೆ. ಸೇರಬಹುದೇ ಎಂಬುದಕ್ಕೆ ಉತ್ತರ ಮಾತ್ರ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದೆ. ಅದರಲ್ಲಿ ಅಚ್ಚಾಗಿರುವ ಜನ್ಮದಿನಾಂಕ, ಅದರಲ್ಲಿ ಅಚ್ಚಾಗಿರುವ ಹೆಸರು, ಇವೆರಡನ್ನು ಎದುರಿಗಿಟ್ಟುಕೊಂಡು ಮುಂದಿನದನ್ನು ಓದಿ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಎಎನ್‌ಎಂ (ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ) ಮತ್ತು ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಡಿಪ್ಲೊಮಾ) ಕೋರ್ಸುಗಳಿಗೆ ಸೇರಲು ಕನಿಷ್ಠ 17, ಗರಿಷ್ಠ 35 ವರ್ಷ. ಮದುವೆಯಾದವರಿಗೆ ಅಡ್ಡಿಯಿಲ್ಲ. ಈಗಾಗಲೇ ಎಎನ್‌ಎಂ ಆಗಿರುವವರು ಜಿಎನ್‌ಎಂ ಸೇರುವುದಾದರೆ ಮಾತ್ರ ಈ 35ರ ಮಿತಿ ಇಲ್ಲ. ಹಾಗಾಗಿ 33, 34ರ ಹೊಸ್ತಿಲಲ್ಲಿ ನಿಂತವರು "ಮುಂದಿನ ವರ್ಷ ನೋಡೋಣ" ಎನ್ನುವಂತಿಲ್ಲ. ಯಾವ ದಿನಾಂಕಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆ ಎಂಬುದನ್ನು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲೇ ಓದಿಕೊಳ್ಳಿ, ಕಾಲೇಜಿನ ಕಚೇರಿಯವರ ಬಾಯಿಮಾತು ಸಾಲದು.

ವಯಸ್ಸಿನ ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಕೊನೆಗೆ ಹಾಕುತ್ತಾರೆ. ಅದನ್ನು ಮೊದಲೇ ಹಾಕಬೇಕು. ಜಿಎನ್‌ಎಂ ಮೂರು ವರ್ಷ, ಕೊನೆಯ ಆರು ತಿಂಗಳ ಇಂಟರ್ನ್‌ಶಿಪ್ ಅದರೊಳಗೇ ಸೇರಿದೆ. ಫಲಿತಾಂಶ, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಎಂದು ಇನ್ನಷ್ಟು ತಿಂಗಳು ಹೋಗುತ್ತವೆ. 34ಕ್ಕೆ ಸೇರಿದವರು ಕೈಯಲ್ಲಿ ನೋಂದಣಿ ಹಿಡಿಯುವಾಗ 38ರ ಹತ್ತಿರ. ರಾಜ್ಯ ಸರ್ಕಾರಿ ನೇಮಕಾತಿಯ ಸಾಮಾನ್ಯ ನಿಯಮದಲ್ಲಿ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ವಿಧವೆಯರಿಗೆ 10 ವರ್ಷದ ಸಡಿಲಿಕೆ ಇದೆ. ಸರ್ಕಾರ ಆಗಾಗ ಎಲ್ಲರಿಗೂ ಒಂದಿಷ್ಟು ವರ್ಷ ಬಿಟ್ಟುಕೊಡುವುದುಂಟು, ಆದರೆ ಅದನ್ನು ನಂಬಿ ಮೂರು ವರ್ಷದ ಫೀ ಕಟ್ಟಬಾರದು. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಯೊಂದೇ ಗುರಿಯಾಗಿದ್ದರೆ, ಸಾಮಾನ್ಯ ವರ್ಗದವರಿಗೆ 31ರ ನಂತರ ಆ ಬಾಗಿಲು ತೀರ ಇಕ್ಕಟ್ಟು. ಖಾಸಗಿ ಆಸ್ಪತ್ರೆ, ಡಯಾಲಿಸಿಸ್ ಘಟಕ, ವೃದ್ಧರ ಮನೆಶುಶ್ರೂಷೆ ಇವಕ್ಕೆ ಇಂಥ ಸರ್ಕಾರಿ ವಯೋಮಿತಿ ಇಲ್ಲ, ಅಲ್ಲಿ ನೋಂದಣಿ ಮತ್ತು ಕೈಚಳಕ ನೋಡುತ್ತಾರೆ.

ಯಾವ ಕೋರ್ಸ್ ಎಂಬುದನ್ನು ನಿಮ್ಮ ಪಿಯುಸಿ ನಿರ್ಧರಿಸುತ್ತದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಒಟ್ಟು ಶೇ. 45 ಇರಬೇಕು (ಪರಿಶಿಷ್ಟರಿಗೆ ಶೇ. 40), ಇಂಗ್ಲಿಷ್ ಪಾಸಾಗಿರಬೇಕು, ಸೀಟು ಸಿಇಟಿ ಮೂಲಕ. ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಲಾ, ವಾಣಿಜ್ಯ ಓದಿದವರಿಗೆ ಜಿಎನ್‌ಎಂ ದಾರಿ: ಯಾವ ವಿಭಾಗವಾದರೂ ಸರಿ, ಒಟ್ಟು ಶೇ. 40, ಇಂಗ್ಲಿಷ್‌ನಲ್ಲೂ ಪ್ರತ್ಯೇಕ ಶೇ. 40. ಹಳೆಯ ಅಂಕಪಟ್ಟಿಯಲ್ಲಿ ಇಂಗ್ಲಿಷ್ 35, 36ಕ್ಕೆ ನಿಂತಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಒಟ್ಟು ಅಂಕ ಎಷ್ಟಿದ್ದರೂ ಅದು ಉಳಿಸುವುದಿಲ್ಲ. ಜಿಎನ್‌ಎಂ ಮುಗಿಸಿದವರಿಗೆ ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. 32 ದಾಟಿದವರು ವಿಜ್ಞಾನ ಓದಿದ್ದರೂ ಸಿಇಟಿಯ ಬೆನ್ನುಹತ್ತಿ ಒಂದು ವರ್ಷ ಕಳೆಯುವುದಕ್ಕಿಂತ ಜಿಎನ್‌ಎಂ ಹಿಡಿಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆ ಒಂದು ವರ್ಷ ಮತ್ತೆ ಸಿಗುವುದಿಲ್ಲ.

35 ದಾಟಿಯಾಗಿದೆ, ಎಎನ್‌ಎಂ ಕೂಡ ಅಲ್ಲ ಎಂದರೆ ಜಿಎನ್‌ಎಂಗೆ ಒಳದಾರಿ ಇಲ್ಲ. ಇದೆ ಎಂದು ಹೇಳುವವರು ದುಡ್ಡಿಗಾಗಿ ಹೇಳುತ್ತಿದ್ದಾರೆ. ಊರಿನಲ್ಲೇ ಇದ್ದು ಆರೋಗ್ಯದ ಕೆಲಸ ಮಾಡಬೇಕೆಂದರೆ ಆಶಾ ಕಾರ್ಯಕರ್ತೆಯಾಗಲು 25ರಿಂದ 45ರವರೆಗೆ ಅವಕಾಶವಿದೆ. ಸಾಮಾನ್ಯ ಸಹಾಯಕರ ತರಬೇತಿ ಪಡೆದು ರೋಗಿಯ ಸ್ನಾನ, ಊಟ, ಮಗ್ಗುಲು ತಿರುಗಿಸುವ ಕೆಲಸ ಮಾಡುವುದೂ ಗೌರವದ ದುಡಿಮೆಯೇ. ಆದರೆ ಅದು ನರ್ಸಿಂಗ್ ಅಲ್ಲ, ನೋಂದಣಿ ಸಿಗುವುದಿಲ್ಲ, ಇಂಜೆಕ್ಷನ್ ಕೊಡುವ ಅಧಿಕಾರ ಬರುವುದಿಲ್ಲ.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಆರು ತಿಂಗಳಿನ, ಒಂದು ವರ್ಷದ "ನರ್ಸಿಂಗ್ ಡಿಪ್ಲೊಮಾ", ಮನೆಯಲ್ಲೇ ಕೂತು ಓದುವ ಜಿಎನ್‌ಎಂ, ಹೊರರಾಜ್ಯದ ಕಾಲೇಜಿನಲ್ಲಿ ಹೆಸರು ಹಚ್ಚಿ ಪರೀಕ್ಷೆಗೆ ಮಾತ್ರ ಹೋಗುವ ವ್ಯವಸ್ಥೆ, ಇವೆಲ್ಲ ಮನೆ ಬಿಡಲಾಗದ ಗೃಹಿಣಿಯರನ್ನೇ ಹುಡುಕಿಕೊಂಡು ಬರುತ್ತವೆ. ದೂರಶಿಕ್ಷಣದ ಜಿಎನ್‌ಎಂ ಎಂಬುದೇ ಇಲ್ಲ. ಕಾಲೇಜಿಗೆ ಹೋದಾಗ ಎರಡು ಪತ್ರ ತೋರಿಸಿ ಎಂದು ಕೇಳಿ: ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಜಿಎನ್‌ಎಂ ಪರೀಕ್ಷೆ ನಡೆಸುವ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಸಂಯೋಜನೆ. ಎರಡೂ ಈ ಸಾಲಿನದ್ದಾಗಿರಬೇಕು. ಆಮೇಲೆ ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿ, ಹೇಳದೆ ಒಂದು ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ ನೋಡಿ. ಪ್ರತಿ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕು ಎಂಬ ಮಾನದಂಡವಿದೆ. ಹಾಸಿಗೆ ಖಾಲಿ ಹೊಡೆಯುವ ಕಡೆ ಸೇರಿದರೆ ಮೂರನೇ ವರ್ಷದಲ್ಲಿ ಹೆರಿಗೆ ದಾಖಲೆ ಪುಸ್ತಕ ತುಂಬಿಸಲು ಪ್ರಸವಗಳೇ ಸಿಗುವುದಿಲ್ಲ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಕಾಲೇಜು, ಪರೀಕ್ಷಾ ಮಂಡಳಿ, ಪರಿಷತ್ತು ಮೂರೂ ಹಿಡಿದುಕೊಳ್ಳುವುದು ಎಸ್ಸೆಸ್ಸೆಲ್ಸಿಯ ಹೆಸರನ್ನು. ಆದ್ದರಿಂದ ಆಧಾರ್ ಅನ್ನು ಅದಕ್ಕೆ ಹೊಂದಿಸಿ, ನಂತರ ಬ್ಯಾಂಕ್ ಖಾತೆ, ನಂತರ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಈ ಸರದಿ ತಪ್ಪಿದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹೆಸರು ಹೊಂದುವುದಿಲ್ಲ ಎಂದು ನಿಂತುಬಿಡುತ್ತದೆ. ಪಿಯುಸಿಯ ವರ್ಗಾವಣೆ ಪತ್ರ ಹನ್ನೆರಡು ವರ್ಷದಿಂದ ಕಾಲೇಜಿನಲ್ಲೇ ಉಳಿದಿದ್ದರೆ ಈಗಲೇ ಹೋಗಿ ತನ್ನಿ. ಓದು ಬಿಟ್ಟ ವರ್ಷಗಳಿಗೆ ನೋಟರಿ ಪ್ರಮಾಣಪತ್ರ ಕೇಳುವುದುಂಟು. ಮೂಲ ದಾಖಲೆ ಒಪ್ಪಿಸುವಾಗ ಯಾವ್ಯಾವುದು ಕೊಟ್ಟಿರಿ ಎಂಬ ಪಟ್ಟಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ.

ಸೇರಿದ ಮೇಲೆ ನಿಜವಾದ ಕಷ್ಟ ಹಾಜರಿ. ಥಿಯರಿಯಲ್ಲಿ ಒಂದಿಷ್ಟು ರಜೆಗೆ ಎಡೆಯಿದೆ. ಪ್ರಾಕ್ಟಿಕಲ್‌ಗೆ ಇಲ್ಲ, ಡಿಪ್ಲೊಮಾ ಕೈಗೆ ಬರುವ ಮೊದಲು ವಾರ್ಡಿನ ಗಂಟೆಗಳು ನೂರಕ್ಕೆ ನೂರು ತುಂಬಬೇಕು. ತಪ್ಪಿಸಿದ ಡ್ಯೂಟಿಯನ್ನು ರಜೆಯಲ್ಲಿ ಬಂದು ತೀರಿಸಬೇಕು. ನಮ್ಮ ಜಿಲ್ಲೆಯಲ್ಲಿ ಇದರ ಅರ್ಥವೇನೆಂದರೆ, ಜುಲೈಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದರೂ, ದೇವಿಮನೆ ಘಟ್ಟದಲ್ಲಿ ಬಸ್ಸು ನಿಂತರೂ ಗಂಟೆಗಳು ಬಾಕಿ ಉಳಿಯುತ್ತವೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಅಂಕೋಲೆಯ ಆಚೆ ಈಚೆ ಓಡಾಡುವವರಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಬೆಳಗಿನ ಪಾಳಿಗೆ ದಿನವೂ ಬಸ್ಸಿನಲ್ಲಿ ಬರುವ ಯೋಚನೆಯಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರವಾದರೂ ಹಾಸ್ಟೆಲ್ ಅಥವಾ ಆಸ್ಪತ್ರೆಯ ಹತ್ತಿರ ನೆಂಟರ ಮನೆ ಗೊತ್ತುಮಾಡಿಕೊಳ್ಳಿ. ಘಟ್ಟದ ಮೇಲಿನವರಿಗೆ ಅಡಿಕೆ ಕೊನೆಕೊಯ್ಲಿನ ತಿಂಗಳುಗಳು, ಕರಾವಳಿಯವರಿಗೆ ಚೌತಿ, ಬಂಡಿಹಬ್ಬ, ಇವು ಯಾವುವೂ ಡ್ಯೂಟಿ ಪಟ್ಟಿಗೆ ಗೊತ್ತಿಲ್ಲ. ಅಡಿಕೆ ಸುಲಿಯಲು ಆ ಮೂರು ವರ್ಷ ಯಾರು ಕೂರುತ್ತಾರೆ, ಮಗುವಿಗೆ ಜ್ವರ ಬಂದ ರಾತ್ರಿ ಯಾರು ಎದ್ದಿರುತ್ತಾರೆ ಎಂದು ಅತ್ತೆ, ಗಂಡ, ತವರಿನವರ ಜೊತೆ ಹೆಸರು ಹಿಡಿದು ಮಾತಾಡಿ. "ಹೇಗೋ ಆಗುತ್ತದೆ" ಎಂದು ಬಿಟ್ಟ ಮನೆಗಳಲ್ಲಿ ಓದು ನಿಲ್ಲುವುದು ಮೊದಲ ರಾತ್ರಿಪಾಳಿಯ ವಾರದಲ್ಲಿ.

ಪಾಠದ ವಿಷಯಕ್ಕೆ ಬರೋಣ. ಇಂಗ್ಲಿಷ್ ಎಂದು ಹೆದರುವವರು ಒಂದು ವಿಷಯ ಗಮನಿಸಿ: ವೈದ್ಯಕೀಯ ಪದಗಳು ಹದಿನೆಂಟರ ಹುಡುಗಿಗೂ ಹೊಸವೇ. ಅವನ್ನು ಬಾಯಿಪಾಠ ಮಾಡದೆ ಒಡೆದು ಓದಿ. ಹೈಪೊ ಎಂದರೆ ಕಡಿಮೆ, ಗ್ಲೈಸ್ ಎಂದರೆ ಸಕ್ಕರೆ, ಈಮಿಯಾ ಎಂದರೆ ರಕ್ತದಲ್ಲಿ. ಮೂರೂ ಸೇರಿ ಹೈಪೊಗ್ಲೈಸೀಮಿಯಾ. ಐಟಿಸ್ ಬಂದರೆ ಉರಿಯೂತ, ನೆಫ್ರೊ ಮೂತ್ರಪಿಂಡ, ಹೆಪಟೊ ಯಕೃತ್ತು, ಬ್ರಾಡಿ ನಿಧಾನ, ಟ್ಯಾಕಿ ವೇಗ. ಇಂಥ ನೂರು ತುಂಡುಗಳು ಬಂದರೆ ಪುಸ್ತಕದ ಅರ್ಧ ಭಯ ಹೋಗುತ್ತದೆ. ಬರೆಯುವಾಗ ಮಾತ್ರ ಎಚ್ಚರ: ಇಲಿಯಂ ಎಂಬ ಒಂದೇ ಉಚ್ಚಾರದ ಎರಡು ಪದಗಳಿವೆ, ಸ್ಪೆಲ್ಲಿಂಗಿನಲ್ಲಿ ನಡುವಿನ ಒಂದಕ್ಷರ ಬೇರೆ. ಒಂದು ಸಣ್ಣಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ.

ಪದಗಳಿಗಿಂತ ಹೆಚ್ಚು ಅಭ್ಯಾಸ ಬೇಕಿರುವುದು ಲೆಕ್ಕಕ್ಕೆ. ಓದು ಬಿಟ್ಟು ಬಹಳ ವರ್ಷವಾದವರ ಕೈ ಇಲ್ಲಿ ನಡುಗುತ್ತದೆ, ತಪ್ಪಿದರೆ ರೋಗಿಗೆ ಅಪಾಯ. ಕಾಲೇಜು ಶುರುವಾಗುವ ಮೊದಲೇ ದಿನಕ್ಕೆ ಹದಿನೈದು ನಿಮಿಷ ಕೊಡಿ. ಔಷಧದ ಸೂತ್ರ ಒಂದೇ: ಕೊಡಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ಯಲ್ಲಿದೆಯೋ ಅದರಿಂದ ಗುಣಿಸಿ. ಅಮಿಕಾಸಿನ್ 2 ಮಿ.ಲೀ.ಯಲ್ಲಿ 500 ಮಿ.ಗ್ರಾಂ. ಇದೆ, ಬರೆದಿರುವುದು 375. 375 ಭಾಗಿಸು 500, ಗುಣಿಸು 2, ಅಂದರೆ 1.5 ಮಿ.ಲೀ. ಸಲಾಯ್ನ್‌ಗೆ ಹನಿಯ ಲೆಕ್ಕ: ಒಟ್ಟು ಮಿ.ಲೀ.ಯನ್ನು ಸೆಟ್ಟಿನ (ಸಲಾಯ್ನ್ ಇಳಿಸುವ ನಳಿಕೆಯ) ಹನಿಸಂಖ್ಯೆಯಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಬೇಕು. 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕು, ಮಿ.ಲೀ.ಗೆ 20 ಹನಿಯ ಸೆಟ್ ಎಂದರೆ 10,000 ಭಾಗಿಸು 240, ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆಯುವುದು ಎಲ್ಲರೂ ಮಾಡುವ ತಪ್ಪು. ಇನ್ನೊಂದು, ಮಕ್ಕಳ ಮೈಕ್ರೊ ಸೆಟ್ಟಿನಲ್ಲಿ ಮಿ.ಲೀ.ಗೆ 60 ಹನಿ ಎಂಬುದನ್ನು ನೋಡದೇ ಇರುವುದು. ಹನಿಸಂಖ್ಯೆ ಸೆಟ್ಟಿನ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ, ಪೊಟ್ಟಣ ಎಸೆಯುವ ಮುನ್ನ ಓದಿ.

ಇನ್ಸುಲಿನ್‌ಗೆ ಇನ್ನೂ ಹೆಚ್ಚು ಜಾಗ್ರತೆ. ಮಿ.ಲೀ.ಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದ್ದೂ ಇದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ. ನೂರರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಮಿ.ಲೀ., ಅಂದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ತಿರುಗುಮುರುಗಾದರೆ 20ರ ಬದಲು 8. ಒಂದರಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ ಇಳಿಯುವುದೇ ಇಲ್ಲ.

ಆ ಗೆರೆಗಳು ಕಾಣಬೇಕಲ್ಲ? ನಲವತ್ತರ ಆಸುಪಾಸಿನಲ್ಲಿ ಹತ್ತಿರದ ದೃಷ್ಟಿ ಮಂಜಾಗುವುದು ಸಹಜ. ಹಗಲಿನಲ್ಲಿ ಗೊತ್ತಾಗದೇ ಇರಬಹುದು, ರಾತ್ರಿ ವಾರ್ಡಿನ ಮಂದಬೆಳಕಿನಲ್ಲಿ ಆಂಪ್ಯೂಲ್ ಮೇಲಿನ ಸಣ್ಣ ಅಕ್ಷರ ಓದುವಾಗ ಗೊತ್ತಾಗುತ್ತದೆ. ಸೇರುವ ಮೊದಲು ಕಣ್ಣು ತೋರಿಸಿ, ಬೇಕಿದ್ದರೆ ಓದುವ ಕನ್ನಡಕ ಮಾಡಿಸಿಕೊಳ್ಳಿ, ಸಂಕೋಚ ಬೇಡ. ಬೆನ್ನಿನ ವಿಷಯವೂ ಹಾಗೇ: ರೋಗಿಯನ್ನು ಕಂಕುಳಿಗೆ ಕೈಹಾಕಿ ಎಳೆಯಬಾರದು. ರೋಗಿಯ ಕೆಳಗೆ ಹಾಸಿರುವ ಅಡ್ಡಹಾಸಿನ ಎರಡು ಬದಿ ಇಬ್ಬರು ಹಿಡಿದು, ಮಂಡಿ ಬಗ್ಗಿಸಿ, ಒಂದೇ ಎಣಿಕೆಗೆ ಸರಿಸಬೇಕು. ಒಬ್ಬರೇ ಇದ್ದರೆ ಇನ್ನೊಬ್ಬರು ಬರುವವರೆಗೆ ಕಾಯಿರಿ.

ಇಷ್ಟು ಕಷ್ಟ ಹೇಳಿದ ಮೇಲೆ, ದೊಡ್ಡವರಾಗಿ ಬಂದವರು ತರುವ ಬಂಡವಾಳವನ್ನೂ ಹೇಳಲೇಬೇಕು. ನಮ್ಮ ವಾರ್ಡುಗಳಲ್ಲಿ ಒಬ್ಬರು ಕೊಂಕಣಿ, ಒಬ್ಬರು ಹವ್ಯಕ, ಒಬ್ಬರು ಹಾಲಕ್ಕಿ, ಭಟ್ಕಳದವರು ನವಾಯತಿ ಮಾತಾಡುತ್ತಾರೆ. ಸಂತೆ, ದೋಣಿ, ತೋಟ ನೋಡಿದವರಿಗೆ ಆ ಮಾತು ತಿಳಿಯುತ್ತದೆ. ಸಿದ್ದಾಪುರದ ಕಡೆಯಿಂದ ಜನವರಿ, ಫೆಬ್ರವರಿಯಲ್ಲಿ ಜ್ವರ, ಮೈಕೈ ನೋವೆಂದು ಬಂದವರನ್ನು "ದರಕು ಒಟ್ಟಲು ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಅಲ್ಲಿ ಮಂಗ ಸತ್ತಿತ್ತಾ?" ಎಂದು ಕೇಳಬೇಕು (ದರಕು ಎಂದರೆ ಒಣಗಿದ ಎಲೆ, ಉಣುಗು ಎಂದರೆ ಉಣ್ಣಿ ಹುಳ). ಮಳೆಗಾಲದಲ್ಲಿ ಗದ್ದೆ ನೀರಿನಲ್ಲಿ ನಿಂತು ಜ್ವರ ಬಂದವರಿಗೆ ಕಾಲಿನಲ್ಲಿ ಗಾಯವಿತ್ತೇ ಎಂದು ಕೇಳಬೇಕು. ಮೊದಲನೆಯದರಲ್ಲಿ ಮಂಗನ ಕಾಯಿಲೆಯ, ಎರಡನೆಯದರಲ್ಲಿ ಇಲಿಜ್ವರದ ಸುಳಿವು ಸಿಗುತ್ತದೆ. ಈ ಪ್ರಶ್ನೆಗಳನ್ನು ಇಲ್ಲಿ ಬಾಳಿದವರು ತಾವಾಗಿ ಕೇಳುತ್ತಾರೆ, ಕೇಳಿದ್ದನ್ನು ಚಾರ್ಟಿನಲ್ಲಿ ಬರೆದು ಡಾಕ್ಟರ ಗಮನಕ್ಕೆ ತಂದರೆ ಒಂದು ದಿನ ಉಳಿಯುತ್ತದೆ.

ಪ್ರವೇಶಕ್ಕೆ ಇನ್ನೂ ತಿಂಗಳುಗಳಿದ್ದರೆ ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ವಯಸ್ಸು ಏರಿದಂತೆ ದೇಹ ಈ ಲಸಿಕೆಗೆ ಸ್ಪಂದಿಸುವುದು ತುಸು ಕಡಿಮೆ. ಹಾಗಾಗಿ ಮೂರನೆಯದಾದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ಪ್ರತಿಕಾಯದ ಮಟ್ಟ 10 ದಾಟಿದೆಯೇ ನೋಡಬೇಕು, ದಾಟದಿದ್ದರೆ ಮತ್ತೆ ಲಸಿಕೆ. ಸೂಜಿ ಹಿಡಿಯುವ ಮೊದಲ ದಿನಕ್ಕೆ ಇದೆಲ್ಲ ಮುಗಿದಿರಬೇಕೆಂದರೆ ಮೊದಲ ಡೋಸ್ ಈ ವಾರವೇ ಹಾಕಿಸಿಕೊಳ್ಳಿ.