ತಪ್ಪು ಮಾಡದವರಿಗೆ ಪೊಲೀಸರ ಭಯವೇಕೆ?

ಹುಬ್ಬಳ್ಳಿಯಲ್ಲಿ ಕೊರಚರ ಕೇರಿಯವರಿಗೆ ಅರ್ಜಿ, ದೂರು ಬರೆದುಕೊಡುವ ನನ್ನನ್ನು ನೆಂಟರೂ ಪರಿಚಿತರೂ ಮತ್ತೆ ಮತ್ತೆ ಕೇಳುವುದು ಇದನ್ನೇ: "ತಪ್ಪು ಮಾಡದಿದ್ದರೆ ಪೊಲೀಸರಿಗೆ ಹೆದರುವುದೇಕೆ?"

ಕಸಬರಿಗೆ ಮಾರುವ ಹಿರಿಯ ಹೆಂಗಸೊಬ್ಬರ ಮೊಬೈಲ್ ಸಂತೆಯಲ್ಲಿ ಕಳುವಾಯಿತು. ದೂರು ಕೊಡೋಣ ಬನ್ನಿ ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದವಳು ನಾನೇ. ಠಾಣೆಯ ರೈಟರ್ ಮೊದಲು ಕೇಳಿದ್ದು ಅವರ ಜಾತಿ. ಆಮೇಲೆ, "ಮೊಬೈಲ್ ನಿನ್ನದೇ ಎನ್ನುವುದಕ್ಕೆ ಬಿಲ್ ಎಲ್ಲಿ?" ಅದು ಯಾರೋ ಬಳಸಿದ್ದನ್ನು ಕೊಂಡ ಮೊಬೈಲ್, ಬಿಲ್ ಎಲ್ಲಿಂದ ಬರಬೇಕು? ಮಗ ಎಲ್ಲಿರುತ್ತಾನೆ, ಏನು ಕೆಲಸ, ರಾತ್ರಿ ಎಷ್ಟಕ್ಕೆ ಮನೆಗೆ ಬರುತ್ತಾನೆ ಎಂಬ ಪ್ರಶ್ನೆಗಳೂ ಬಂದವು. ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಕಳೆದುಕೊಂಡವರು ಸೆರಗಿನ ತುದಿ ಹಿಂಡುತ್ತಾ ಗೋಡೆಗೆ ಒರಗಿ ನಿಂತಿದ್ದರು. "ಬಿಡು ತಂಗೀ, ಹೋದದ್ದು ಹೋಯಿತು" ಎಂದು ನನ್ನ ಕೈ ಹಿಡಿದು ಎಳೆದರು.

ಈ ಭಯ ಅವರೊಬ್ಬರದಲ್ಲ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರ ಪಟ್ಟಿಗೆ ಸೇರಿಸಿತು. ಮುಂದೆ ಅದು ನಮ್ಮ ಸೀಮೆಗೂ ಬಂದಿತು, ಕೊರಚರೂ ಆ ಪಟ್ಟಿಗೆ ಸೇರಿದರು. ಇಂಥವರನ್ನು ಕೂಡಿಹಾಕಿದ ವಸಾಹತು ಇದೇ ಹುಬ್ಬಳ್ಳಿಯಲ್ಲಿತ್ತು; ಊರಿನವರ ಬಾಯಲ್ಲಿ ಆ ಜಾಗ ಇಂದಿಗೂ ಸೆಟ್ಲಮೆಂಟ್. ಅಲ್ಲಿದ್ದವರು ಹಾಜರಿ ಹಾಕಬೇಕಿತ್ತು, ಹೊರಗೆ ಹೋಗಲು ಪಾಸ್ ಬೇಕಿತ್ತು. ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆದರೆ ಮತ್ತೆ ಮತ್ತೆ ಅಪರಾಧ ಮಾಡಿದವರ ಮೇಲೆ ಕಣ್ಣಿಡುವ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರಲ್ಲಿ. ಕಾಗದದಿಂದ ಜಾತಿಯ ಹೆಸರು ಹೋಯಿತು, ಕಣ್ಣಿನಿಂದ ಹೋಗಲಿಲ್ಲ. ಹೋಗಿದ್ದರೆ, ಆ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬೇಡಿ ಎಂದು 2024ರಲ್ಲೂ ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಬೇಕಾಗುತ್ತಿರಲಿಲ್ಲ.

ಹಗಲಿರುಳು ದುಡಿಯುವ, ಬಡವರ ಮನೆಯಿಂದಲೇ ಬಂದ ಕಾನ್‌ಸ್ಟೆಬಲ್‌ಗಳನ್ನು ನಾನು ಬಲ್ಲೆ. ಅವರ ಕಷ್ಟ ನಿಜ. ಆದರೆ ಊರಲ್ಲಿ ಕಳ್ಳತನವಾದರೆ ಜೀಪು ಮೊದಲು ನಿಲ್ಲುವುದು ಯಾವ ಕೇರಿಯ ಮುಂದೆ ಎಂಬುದೂ ನಿಜ.

ಆ ಸಂಜೆ ನಾವು ಎದ್ದು ಬರಲಿಲ್ಲ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಐದು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ವಸ್ತುವಿನ ಕಳ್ಳತನವೂ ಅದರಲ್ಲಿ ಸೇರುತ್ತದೆ ಎಂದು ಪಟ್ಟು ಹಿಡಿದೆ. ಎರಡು ಗಂಟೆಯ ಮೇಲೆ ಪ್ರತಿ ಕೈಗೆ ಬಂದಿತು. ಆ ತಾಯಿ ಅದನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದರು. ಮೊಬೈಲ್ ಸಿಗುತ್ತದೆಯೇ ಎಂದು ಕೇಳಲಿಲ್ಲ.

"ಇದನ್ನು ತೋರಿಸಿದರೆ ರಾತ್ರಿ ಹೊತ್ತು ನನ್ನ ಮಗನನ್ನು ಎಬ್ಬಿಸಿಕೊಂಡು ಹೋಗುವುದಿಲ್ಲ ಅಲ್ಲವೇ, ತಂಗೀ?" ಎಂದು ಕೇಳಿದರು.

ಹೋಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.