ಈಸ್ಟರ್ ಆದ ಮ್ಯಾಲ

ಈ ಸಲ ಈಸ್ಟರ್ ದಿನ ನಸಕಿನ್ಯಾಗ ಧಾರವಾಡದಾಗ ನಮ್ಮ ಚರ್ಚಿನ ಮಂದಿ ಎಲ್ಲಾ ಸಮಾಧಿ ಕಡೆ ಹೋಗಿ ಮೇಣಬತ್ತಿ ಹಚ್ಚಿ ಹಾಡಿದ್ವಿ, ಅವ್ವನ ಸಮಾಧಿ ಮುಂದ ನಿಂತಾಗ ಬಂದ ವಿಚಾರ ಇನ್ನೂ ತಲಿಯಿಂದ ಹೋಗವಲ್ದು. ಯೇಸುವಿನ ಸುದ್ದಿ ಸಾರಿದ ಪೌಲ, ಕೊರಿಂಥ ಊರಿನ ಕ್ರೈಸ್ತರಿಗೆ ಬರದ ಮೊದಲ್ನೇ ಪತ್ರ ಬೈಬಲ್‌ನ್ಯಾಗ ಅದ, ಅದರ 15ನೇ ಅಧ್ಯಾಯದಾಗ ಭಾಳ ನೇರ ಹೇಳ್ತಾನ, ಸತ್ತ ಕ್ರಿಸ್ತ ಎದ್ದು ಬಂದಿಲ್ಲಾಂದ್ರ ನಮ್ಮ ನಂಬಿಕಿ ವ್ಯರ್ಥ ಅಂತ. ಅಲ್ಲೇ ಸತ್ತವ್ರು ಎದ್ದು ಬರೋದಕ್ಕ ಬೀಜದ ಹೋಲಿಕಿನೂ ಬರ್ತದ, ಬಿತ್ತಿದ್ದೊಂದು, ಎದ್ದು ಬರೋದು ಬ್ಯಾರೆ, ಎರಿ ಹೊಲದಾಗ ಬಿಳಿಜ್ವಾಳ ಬಿತ್ತೋ ನಮ್ಮ ಕಡಿ ಮಂದಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರ ನನಗ ಇನ್ನೂ ಹತ್ರ ಅನಸಾಕಿ ಯೇಸುವಿನ ಶಿಷ್ಯಳಾಗಿದ್ದ ಮಗ್ದಲದ ಮರಿಯ. ಯೇಸುವಿನ ಸಮಾಧಿ ಹೊರಗ ಅಳಕೋತ ನಿಂತಾಕಿ, ಎದ್ದು ಬಂದ ಯೇಸು ಎದುರಿಗೇ ನಿಂತ್ರೂ ತೋಟದಾಂವ ಅನ್ಕೊಂಡ್ಲು, ಹೆಸರ ಹಿಡದು ಕರದಾಗನ ಗುರ್ತ ಹತ್ತಿತು! ಆ ಕಾಲಕ್ಕ ಹೆಣ್ಮಕ್ಕಳ ಸಾಕ್ಷಿಗೆ ಅಷ್ಟು ಬೆಲಿ ಇರ್ಲಿಲ್ಲ, ಆದ್ರೂ ಶಿಷ್ಯರಿಗೆ ಹೋಗಿ ಸುದ್ದಿ ಹೇಳಿದಾಕಿ ಆಕಿನ, ಕಟ್ಟಿದ ಕಥಿ ಆಗಿದ್ರ ಹೆಣ್ಮಗಳನ್ನ ಸಾಕ್ಷಿ ಮಾಡ್ತಿರ್ಲಿಲ್ಲ, ಅದಕ್ಕ ನನಗ ಇದು ಖರೇನ ಅನಸ್ತದ. ಹೆಸರ ಹಿಡದು ಕರಿತಾನಂದ್ರ ಸತ್ತ ಮ್ಯಾಲೂ ಅವ್ವ ಅವ್ವನ ಆಗಿರ್ತಾಳ. ದುಃಖ ಹೋಗಿಲ್ಲ, ಹಬ್ಬದ ದಿನಾನೂ ಅತ್ತೀನಿ, ಆದ್ರ ಆಕಿನ್ನ ಮತ್ತ ನೋಡ್ತೀನಿ ಅಂತ ಗಟ್ಟಿ ನಂಬೀನಿ. ಮನ್ಯಾಗ ಯಾರನ್ನರ ಕಳಕೊಂಡವ್ರು ಮರಿಯಳ ಈ ಕಥಿ ಇರೋ ಬೈಬಲ್‌ನ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ಒಮ್ಮೆ ಓದ್ರಿ.