ಯಾವ ಪೀಳಿಗೆಯ ಬೆನ್ನು ಹತ್ತಬೇಕು?

ನನ್ನದು ಮಾರ್ಕೆಟಿಂಗ್ ಕೆಲಸ ಅಂತ ಗೊತ್ತಾದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: "ಈ ಜೆನ್ ಝೀ ಹುಡುಗರನ್ನು ಹಿಡಿಯದಿದ್ದರೆ ವ್ಯಾಪಾರ ಮುಳುಗುತ್ತಂತೆ, ಹೌದಾ?"

ನೀವು ಮಾರುವುದು ಏನು ಅಂತ ನಾನು ತಿರುಗಿ ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

1981ರಿಂದ 1996ರವರೆಗೆ ಹುಟ್ಟಿದವರು ಮಿಲೆನಿಯಲ್, 1997ರಿಂದ 2012ರವರೆಗಿನವರು ಜೆನ್ ಝೀ. ಎಲ್ಲರೂ ಬಳಸುವ ಈ ಲೆಕ್ಕ ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್‌ನದು. ಹಾಗಾದರೆ 1996ರ ಅಕ್ಕನಿಗೊಂದು ಜಾಹೀರಾತು, 1997ರ ತಮ್ಮನಿಗೆ ಇನ್ನೊಂದೇ? ಇಂಥ ಹಣೆಪಟ್ಟಿಗಳನ್ನು ಇನ್ನು ಮುಂದೆ ಎಚ್ಚರದಿಂದ ಬಳಸುತ್ತೇವೆ ಅಂತ 2023ರಲ್ಲಿ ಆ ಸಂಸ್ಥೆಯೇ ಹೇಳಿತು. (ನಮ್ಮವರ ಸ್ಲೈಡುಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.)

ತೊಡಕು ಇರುವುದು ಇಲ್ಲಿ. ಗಿರಾಕಿಯ ನಡತೆಯಲ್ಲಿ ವಯಸ್ಸಿನ ಪಾಲೆಷ್ಟು, ಹುಟ್ಟಿದ ಪೀಳಿಗೆಯ ಪಾಲೆಷ್ಟು, ಆ ಹೊತ್ತಿನ ಕಾಲದ ಪಾಲೆಷ್ಟು? ಒಂದೇ ಒಂದು ಸಮೀಕ್ಷೆ ಮಾಡಿ ಇವನ್ನು ಬಿಡಿಸಲಾಗದು. ಮಿಲೆನಿಯಲ್‌ಗಳಿಗೆ ಸ್ವಂತ ಮನೆ, ಕಾರು ಬೇಡವಂತೆ ಅಂತ ಒಂದು ಕಾಲಕ್ಕೆ ಪುಟಗಟ್ಟಲೆ ಬರೆದರು. 2008ರ ಆರ್ಥಿಕ ಕುಸಿತದಲ್ಲಿ ಅವರಲ್ಲಿ ಬಹಳ ಮಂದಿಯ ಕೈ ಖಾಲಿಯಾಗಿತ್ತು ಅನ್ನುವುದು ಯಾರ ನೆನಪಿಗೂ ಬರಲಿಲ್ಲ. ಸಂಸಾರ ಹೂಡಿದ ಮೇಲೆ ಅವರೂ ಮನೆ ಹುಡುಕಿದರು.

ದುಡ್ಡಿನ ಮಾತಿಗೆ ಬಂದರೆ, ಅಮೆರಿಕದ ಕುಟುಂಬಗಳ ಒಟ್ಟು ಸಂಪತ್ತಿನಲ್ಲಿ ಸುಮಾರು ಅರ್ಧ ಇರುವುದು 1946ರಿಂದ 1964ರೊಳಗೆ ಹುಟ್ಟಿದ ಬೂಮರ್‌ಗಳ ಬಳಿ. ಜಾಹೀರಾತಿನವರಿಗೆ ಅವರು ನೆನಪಾಗುವುದು ಮಾತ್ರೆ, ವಿಮೆ ಮಾರುವಾಗ. ಇದು ನನಗೆ ಶುದ್ಧ ಪೆದ್ದುತನವಾಗಿ ಕಾಣುತ್ತದೆ.

ಹಾಗಂತ ಪೀಳಿಗೆ ಅನ್ನುವುದು ಬರೀ ಓಳಲ್ಲ. ಕೊಳ್ಳುವುದನ್ನು ಕಲಿಯುವ ವಯಸ್ಸಿನಲ್ಲಿ ಕೈಯಲ್ಲಿ ಏನಿತ್ತು ಅನ್ನುವುದು ಬಹಳ ಕಾಲ ಉಳಿಯುತ್ತದೆ. ಅಂಗಡಿಯವನನ್ನು ಕೇಳಿ ಕೊಂಡು ಬೆಳೆದವರು ಮಾತಾಡಲು ಮನುಷ್ಯರನ್ನು ಹುಡುಕುತ್ತಾರೆ. ಸ್ಮಾರ್ಟ್‌ಫೋನ್ ಹಿಡಿದು ಬೆಳೆದವರು ಮೊದಲು ಅಪರಿಚಿತರ ರಿವ್ಯೂ ಓದುತ್ತಾರೆ.

ಮೊನ್ನೆ ಓದುವ ಕನ್ನಡಕ ಮಾರುವವರೊಬ್ಬರು ಇದೇ ಪ್ರಶ್ನೆ ಹಿಡಿದು ಬಂದಿದ್ದರು. ನಲವತ್ತು ದಾಟಿದರೆ ಹತ್ತಿರದ ಅಕ್ಷರ ಮಂಜಾಗುವುದು ಎಲ್ಲ ಪೀಳಿಗೆಗೂ ಒಂದೇ. ಈಗ ಆ ಸರದಿ ಹಿರಿಯ ಮಿಲೆನಿಯಲ್‌ಗಳದು. ಅವರು ಕನ್ನಡಕ ಹುಡುಕುವುದೂ ಫೋನಿನಲ್ಲೇ, ಅದನ್ನು ಒಂದು ತೋಳು ದೂರ ಹಿಡಿದುಕೊಂಡು. ಜಾಹೀರಾತಿನ ಅಕ್ಷರ ಸ್ವಲ್ಪ ದಪ್ಪಗಿರಲಿ ಅಂದೆ.